ತಂತಿ ಸುದ್ದಿಯಿಂದ ಮೊಬೈಲ್ ಪರದೆಗೆ ಬಂದ ಮಳೆಯ ಮುನ್ಸೂಚನೆ

ಮೊಬೈಲಿನಲ್ಲಿ ಮೊದಲೇ ಇರುವ ಹವಾಮಾನ ಆ್ಯಪ್ ತಾನಾಗಿ ಮಳೆಯನ್ನು ಅಂದಾಜು ಮಾಡುವುದಿಲ್ಲ. ಫೋನ್ ಇರುವ ಜಾಗ ಗುರುತಿಸಿ, ದೂರದ ಸೂಪರ್ ಕಂಪ್ಯೂಟರ್‌ಗಳು ಹಾಕಿದ ಲೆಕ್ಕವನ್ನು ತರಿಸಿ ತೋರಿಸುತ್ತದೆ, ಅಷ್ಟೇ. ಆ ಲೆಕ್ಕ ಕೈಗೂಡಲು ಮಾತ್ರ ಶತಮಾನವೇ ಹಿಡಿಯಿತು.

1859ರಲ್ಲಿ ವೇಲ್ಸ್ ಕರಾವಳಿಯಲ್ಲಿ 'ರಾಯಲ್ ಚಾರ್ಟರ್' ಹಡಗು ಬಿರುಗಾಳಿಗೆ ಸಿಕ್ಕಿ ಒಡೆದು ನಾನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ದುರಂತದ ನಂತರ ನೌಕಾಧಿಕಾರಿ ರಾಬರ್ಟ್ ಫಿಟ್ಜ್‌ರಾಯ್ ಕರಾವಳಿ ಕೇಂದ್ರಗಳಿಂದ ತಂತಿ ಮೂಲಕ ವರದಿ ತರಿಸಿಕೊಂಡು ಬಿರುಗಾಳಿಯ ಮುನ್ನೆಚ್ಚರಿಕೆ ಕೊಡತೊಡಗಿದರು. 1861ರ ಆಗಸ್ಟ್ 1ರಂದು 'ದಿ ಟೈಮ್ಸ್' ಪತ್ರಿಕೆ ಅವರ ಮೊದಲ ಸಾರ್ವಜನಿಕ ಮುನ್ಸೂಚನೆಯನ್ನು ಪ್ರಕಟಿಸಿತು. ಅದು ಅನುಭವದ ಬಲದ ಅಂದಾಜು. ವಾತಾವರಣವನ್ನು ಚೌಕಗಳಾಗಿ ಹಂಚಿ, ಸಮೀಕರಣ ಬಿಡಿಸಿ ನಾಳೆಯನ್ನು ಹೇಳುವ ದಾರಿ ತೋರಿಸಿದವರು ಲೂಯಿಸ್ ಫ್ರೈ ರಿಚರ್ಡ್‌ಸನ್. 1922ರಲ್ಲಿ ಅವರು ಪ್ರಕಟಿಸಿದ ಆರು ಗಂಟೆಯ ಮುನ್ಸೂಚನೆ ಪೂರಾ ತಪ್ಪಾಗಿತ್ತು. ಆದರೆ ಇಂದಿನ ಪ್ರತಿ ಆ್ಯಪ್‌ನ ಬೇರು ಆ ಸೋಲಿನಲ್ಲೇ ಇದೆ. 1950ರಲ್ಲಿ ಅಮೆರಿಕದ ಎನಿಯಾಕ್ ಕಂಪ್ಯೂಟರ್ ಅದೇ ದಾರಿ ಹಿಡಿದು ಗೆದ್ದಿತು. 24 ಗಂಟೆಯ ಮುನ್ಸೂಚನೆಗೆ ಆಗ ಹೆಚ್ಚುಕಡಿಮೆ 24 ಗಂಟೆಯೇ ಬೇಕಾಯಿತು!

2007ರ ಮೊದಲ ಐಫೋನ್‌ನಲ್ಲೇ ಹವಾಮಾನ ಆ್ಯಪ್ ಇತ್ತು. ಮಾಹಿತಿ ಯಾಹೂ ಕಂಪನಿಯದು. 2020ರಲ್ಲಿ ಆ್ಯಪಲ್ 'ಡಾರ್ಕ್ ಸ್ಕೈ' ಸಂಸ್ಥೆಯನ್ನು ಕೊಂಡ ಮೇಲೆ ನಿಮಿಷ ನಿಮಿಷದ ಮಳೆಯ ಮುನ್ಸೂಚನೆಯೂ ಕೆಲವು ದೇಶಗಳ ಬಳಕೆದಾರರಿಗೆ ಸಿಕ್ಕಿತು.

ಪರದೆಯಲ್ಲಿ ಜನ ಹೆಚ್ಚು ತಪ್ಪಾಗಿ ಓದುವುದು ಮಳೆಯ ಸಾಧ್ಯತೆಯ ಶೇಕಡಾ ಅಂಕಿಯನ್ನು. ವಾತಾವರಣದ ಆರಂಭದ ಸ್ಥಿತಿಯನ್ನು ತುಸು ತುಸು ಬದಲಿಸಿ ಒಂದೇ ಲೆಕ್ಕವನ್ನು ಹಲವು ಬಾರಿ ಓಡಿಸುವ ಪದ್ಧತಿ 1992ರಲ್ಲಿ ಯುರೋಪ್, ಅಮೆರಿಕಗಳಲ್ಲಿ ಬಳಕೆಗೆ ಬಂತು. ಮಳೆಯ ಸಾಧ್ಯತೆ ಅಳೆಯಲು ಇಂಥ ಲೆಕ್ಕಗಳೇ ಆಧಾರ. ಶೇ 40 ಎಂದರೆ ಇಂಥದೇ ಸ್ಥಿತಿಯಿರುವ ಹತ್ತು ದಿನಗಳಲ್ಲಿ ನಾಲ್ಕು ದಿನ ಮಳೆ ಬರಬಹುದು ಎಂದರ್ಥ. ಮಳೆ ಎಷ್ಟು ಜೋರು, ಎಷ್ಟು ಹೊತ್ತು ಎಂಬುದು ಅದರಲ್ಲಿಲ್ಲ. ಜೋರು ತಿಳಿಯಲು ಮಿಲಿಮೀಟರ್ ಅಂಕಿ ನೋಡಬೇಕು. ಹತ್ತನೇ ದಿನದ ಚಿತ್ರವನ್ನು ನಂಬಿ ಮದುವೆಯ ಚಪ್ಪರದ ಬಗ್ಗೆ ತೀರ್ಮಾನಿಸುವುದು ಸರಿಯಲ್ಲ. ಹಿಂದಿನ ದಿನವೂ ಅಂದಿನ ಬೆಳಿಗ್ಗೆಯೂ ಮತ್ತೆ ತೆರೆದು ನೋಡಬೇಕು.

ಲೆಕ್ಕಕ್ಕಾಗಿ ವಾತಾವರಣವನ್ನು ಹಂಚುವ ಚೌಕದ ಅಳತೆಯೂ ಮುಖ್ಯ. ಜಾಗತಿಕ ಮಾದರಿಗಳಲ್ಲಿ ಒಂದು ಚೌಕ ಸುಮಾರು ಹತ್ತು ಕಿಲೋಮೀಟರ್ ಅಗಲ. ಆಗುಂಬೆಯ ನೆತ್ತಿ, ಕೆಳಗಿನ ಸೋಮೇಶ್ವರ ಎರಡೂ ಅಷ್ಟರೊಳಗೇ ಬರಬಹುದು. ಹಾಗಾಗಿ ಘಟ್ಟದ ಊರುಗಳಲ್ಲಿ ಆ್ಯಪ್ ತಪ್ಪುವುದು ಸಹಜ. ಅಲ್ಲಿನವರು ಭಾರತೀಯ ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನೂ ನೋಡುವುದು ಒಳ್ಳೆಯದು. ಸಿಡಿಲಿಗೆಂದೇ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ದಾಮಿನಿ' ಆ್ಯಪ್ ಉಚಿತವಾಗಿ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಲಕ್ಕೆ ಹೋಗುವವರ ಫೋನಿನಲ್ಲಿ ಅದು ಇರಲೇಬೇಕು.