ಬುದ್ಧಿವಾದ ಹೇಳದ ಕಸುಬು

‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ಇನ್ನೊಬ್ಬರನ್ನು ನೇರವಾಗಿ ಕೇಳುವುದು ನಮ್ಮಲ್ಲಿ ಅಪಶಕುನ. ಸಾವಿನ ಮಾತು ಬಂದೊಡನೆ ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುವ ಮನೆಗಳಲ್ಲಿ ಬೆಳೆದವರು ನಾವು. ಆತ್ಮಹತ್ಯೆಯ ಅಂಚಿನಲ್ಲಿರುವವರ ಜೊತೆ ಮಾತಾಡುವ ಆಪ್ತಸಮಾಲೋಚಕರು ತರಬೇತಿಯಲ್ಲಿ ಮೊದಲು ಕಳೆದುಕೊಳ್ಳಬೇಕಾದದ್ದು ಈ ಅಂಜಿಕೆಯನ್ನೇ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಸುತ್ತಿ ಬಳಸಿ ಕೇಳಿದಾಗಲೇ ತೊಂದರೆ. ‘ಅಂಥ ಯೋಚನೆ ಏನೂ ಇಲ್ಲ ತಾನೇ?’ ಎನ್ನುವುದು ಪ್ರಶ್ನೆಯಲ್ಲ, ‘ಇಲ್ಲ’ ಅನ್ನು ಎಂಬ ಒತ್ತಾಯ. ಎದುರಿನವರು ‘ಇಲ್ಲ’ ಎಂದು ಹೇಳಿ ಫೋನ್ ಇಡುತ್ತಾರೆ.

ಈ ಕಸುಬಿನ ಮೂಲದಲ್ಲಿ ಒಬ್ಬ ಪಾದ್ರಿಯೂ ಕೆಲವರು ಚಹಾ ಕೊಡುವವರೂ ಇದ್ದಾರೆ. ಚಾಡ್ ವಾರಾ ಎಂಬ ಇಂಗ್ಲಿಷ್ ಪಾದ್ರಿ 1935ರಲ್ಲಿ ನಡೆಸಿಕೊಟ್ಟ ಮೊದಲ ಅಂತ್ಯಸಂಸ್ಕಾರ 14 ವರ್ಷದ ಹುಡುಗಿಯದು. ಮೈನೆರೆದದ್ದನ್ನು ಗುಹ್ಯರೋಗವೆಂದು ತಿಳಿದು ಅವಳು ಜೀವ ಕಳೆದುಕೊಂಡಿದ್ದಳು. ಕೇಳಲು ಅವಳಿಗೊಬ್ಬರು ಇದ್ದಿದ್ದರೆ ಎಂಬ ಕೊರಗು ಅವರನ್ನು ಬಿಡಲಿಲ್ಲ. 1953ರಲ್ಲಿ ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನಲ್ಲಿ ಒಂದು ದೂರವಾಣಿ ಇಟ್ಟುಕೊಂಡು ಕೂತರು. ಫೋನ್ ಕರೆಗಳ ಜೊತೆಗೆ ಜನ ನೇರವಾಗಿಯೂ ಬಂದರು. ಸರದಿಯಲ್ಲಿ ಕೂತವರಿಗೆ ಚಹಾ ಕೊಟ್ಟು ಮಾತಾಡಿಸಲು ಸ್ವಯಂಸೇವಕರು ಸೇರಿಕೊಂಡರು. ಬಂದವರಲ್ಲಿ ಬಹಳಷ್ಟು ಮಂದಿ ಅವರ ಹತ್ತಿರವೇ ಹೇಳಿಕೊಂಡು, ಮನಸ್ಸು ಹಗುರಾಗಿ, ಪಾದ್ರಿಯನ್ನು ಕಾಣದೆಯೇ ಹೊರಟುಹೋಗುತ್ತಿದ್ದರು! ಇನ್ನೊಬ್ಬರಾಗಿದ್ದರೆ ಮುನಿಸಿಕೊಳ್ಳುತ್ತಿದ್ದರೇನೋ, ವಾರಾ ಮರುವರ್ಷವೇ ಫೋನನ್ನು ಆ ಸ್ವಯಂಸೇವಕರ ಕೈಗೆ ಒಪ್ಪಿಸಿದರು. ‘ಸಮಾರಿಟನ್ಸ್’ ಸಂಸ್ಥೆ ಬೆಳೆದದ್ದು ಹೀಗೆ. ನಮ್ಮ ನೆರೆಯ ಚೆನ್ನೈನಲ್ಲಿ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ 1986ರಲ್ಲಿ ಆರಂಭಿಸಿದ ‘ಸ್ನೇಹಾ’ ಕೂಡ ಇದೇ ಸ್ವಯಂಸೇವಕರ ದಾರಿಯದು.

ಬರೀ ಕೇಳಿಸಿಕೊಂಡರೆ ಮನಸ್ಸು ಏಕೆ ಹಗುರಾಗುತ್ತದೆ ಎನ್ನುವುದಕ್ಕೆ ಉತ್ತರ ಹುಡುಕಿದವರಲ್ಲಿ ಅಮೆರಿಕದ ಎಡ್ವಿನ್ ಶ್ನೈಡ್‌ಮನ್ ದೊಡ್ಡ ಹೆಸರು. 1949ರಲ್ಲಿ ಲಾಸ್ ಏಂಜಲೀಸಿನ ಸರ್ಕಾರಿ ದಾಖಲೆ ಕೋಣೆಯೊಂದರಲ್ಲಿ ಆತ್ಮಹತ್ಯೆ ಮಾಡಿಕೊಂಡವರ ನೂರಾರು ಕೊನೆಯ ಪತ್ರಗಳು ಅವರ ಕಣ್ಣಿಗೆ ಬಿದ್ದವು. ಅವರ ಜೀವಮಾನದ ಕೆಲಸಕ್ಕೆ ಅಲ್ಲಿಂದಲೇ ನಾಂದಿ. ನಾರ್ಮನ್ ಫಾರ್ಬೆರೊ, ರಾಬರ್ಟ್ ಲಿಟ್‌ಮನ್ ಜೊತೆ ಸೇರಿ 1958ರಲ್ಲಿ ಅದೇ ಊರಿನಲ್ಲಿ ಆತ್ಮಹತ್ಯೆ ತಡೆ ಕೇಂದ್ರ ಕಟ್ಟಿದರು. ಶ್ನೈಡ್‌ಮನ್ ಕಂಡುಕೊಂಡದ್ದು ಇಷ್ಟು: ಅಂಚಿನಲ್ಲಿ ನಿಂತವರಿಗೆ ಬೇಕಿರುವುದು ಸಾವಲ್ಲ, ತಾಳಲಾರದ ಮನೋವೇದನೆಗೊಂದು ಕೊನೆ. ಬದುಕಬೇಕು, ಸಾಯಬೇಕು ಎಂಬೆರಡೂ ಅವರಲ್ಲಿ ಒಟ್ಟಿಗೇ ಇರುತ್ತವೆ. ಫೋನ್ ಮಾಡಿದ್ದೇ ಬದುಕುವ ಬಯಕೆ ಇನ್ನೂ ಇದೆ ಎಂಬುದಕ್ಕೆ ಸಾಕ್ಷಿ. ಮೂರನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು: ಆ ಹೊತ್ತಿನಲ್ಲಿ ಮನಸ್ಸು ಜಟಕಾ ಕುದುರೆಯ ಕಣ್ಣುಪಟ್ಟಿ ಕಟ್ಟಿಕೊಂಡಂತಾಗಿ, ಇದೊಂದೇ ದಾರಿ ಎಂಬುದರಾಚೆ ಏನೂ ಕಾಣುವುದಿಲ್ಲ.

ಈ ಸಿದ್ಧಾಂತವನ್ನು ಅವರು ಹೇಗೆ ಬಳಸಿದರು ಎಂಬುದಕ್ಕೆ ಅವರೇ ಬರೆದ ಒಂದು ಪ್ರಸಂಗವಿದೆ. ಮದುವೆಯಾಗದೆ ಗರ್ಭಿಣಿಯಾದ ಕಾಲೇಜು ಹುಡುಗಿಯೊಬ್ಬಳು ಸಾಯಲು ನಿರ್ಧರಿಸಿ ಅವರೆದುರು ಕೂತಿದ್ದಳು. ಶ್ನೈಡ್‌ಮನ್ ವಾದಕ್ಕಿಳಿಯಲಿಲ್ಲ. ಹಾಳೆ ತೆಗೆದುಕೊಂಡು, ಅವಳ ಮುಂದಿರುವ ದಾರಿಗಳನ್ನೆಲ್ಲ ಪಟ್ಟಿ ಮಾಡತೊಡಗಿದರು. ಒಂದೊಂದನ್ನೂ ಆಕೆ ‘ಅದಾಗದು’ ಎಂದು ತಳ್ಳಿಹಾಕಿದಳು. ಅವರು ಬರೆಯುತ್ತಲೇ ಹೋದರು. ಸಾವನ್ನೂ ಪಟ್ಟಿಯಿಂದ ಬಿಡಲಿಲ್ಲ. ಕೊನೆಗೆ, ಇಷ್ಟವಾಗುವುದು ಬೇಡ, ಕಡಿಮೆ ಕೆಟ್ಟದ್ದು ಯಾವುದು ನೋಡಿ ಅಂಕಿ ಹಾಕು ಎಂದರು. ಆಕೆ ಹಾಕಿದ ಅಂಕಿಗಳಲ್ಲಿ ಸಾವಿಗೆ ಮೊದಲ ಸ್ಥಾನವೂ ಸಿಗಲಿಲ್ಲ, ಎರಡನೆಯದೂ ಸಿಗಲಿಲ್ಲ. ಅವಳ ಸಮಸ್ಯೆ ಒಂದಿಷ್ಟೂ ಬದಲಾಗಿರಲಿಲ್ಲ. ಒಂದೇ ಇದ್ದ ದಾರಿ ಹಲವಾದದ್ದಷ್ಟೇ ಆಗಿದ್ದು.

ನಾವಾಗಿದ್ದರೆ ಏನು ಹೇಳುತ್ತಿದ್ದೆವು? ‘ಧೈರ್ಯ ತಗೊ’, ‘ಹೆತ್ತವರ ಮುಖ ನೋಡು’, ‘ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ’. ಈ ಮಾತುಗಳು ಎಲ್ಲಿ ಎಡವುತ್ತವೆ ಎಂದು ತಿಳಿಯಲು ಥಾಮಸ್ ಜಾಯ್ನರ್ 2005ರಲ್ಲಿ ಪುಸ್ತಕರೂಪದಲ್ಲಿ ಮಂಡಿಸಿದ ಸಿದ್ಧಾಂತ ನೆರವಿಗೆ ಬರುತ್ತದೆ. ನನಗೆ ಯಾರೂ ಇಲ್ಲ ಎಂಬ ಒಂಟಿತನ, ನಾನು ಎಲ್ಲರಿಗೂ ಹೊರೆ ಎಂಬ ನಂಬಿಕೆ ಇವೆರಡೂ ಕೂಡಿದಾಗ ಸಾಯುವ ಬಯಕೆ ಬಲಿಯುತ್ತದೆ ಎನ್ನುತ್ತಾರೆ ಅವರು. ತನ್ನ ತಂದೆಯನ್ನೇ ಆತ್ಮಹತ್ಯೆಯಲ್ಲಿ ಕಳೆದುಕೊಂಡ ಮನಶ್ಶಾಸ್ತ್ರಜ್ಞ ಈತ. ‘ಭೂಮಿಗೆ ಭಾರ’ ಎಂದು ತಮ್ಮನ್ನೇ ಹಳಿದುಕೊಳ್ಳುವ ಅಜ್ಜ ಅಜ್ಜಿಯರನ್ನೂ ಸಾಲಗಾರ ರೈತರನ್ನೂ ಕಂಡ ನಮಗೆ ಇದು ಹೊಸದೇನಲ್ಲ. ಅಂಥವರಿಗೆ ಮನೆಯವರ ಮುಖ ನೋಡು ಎಂದರೆ, ‘ಅವರಿಗಾಗಿಯೇ ಅಲ್ಲವೇ ನಾನು ಹೋಗಬೇಕೆಂದಿರುವುದು’ ಎಂದುಕೊಳ್ಳುತ್ತಾರೆ. ಆದ್ದರಿಂದ ಪಳಗಿದ ಸಮಾಲೋಚಕರು ಉಪದೇಶ ಬಿಟ್ಟು ಪ್ರಶ್ನೆ ಹಿಡಿಯುತ್ತಾರೆ. ‘ಹೊರೆ ಆಗಿದ್ದೀನಿ ಅಂತ ಯಾವಾಗಿನಿಂದ ಅನ್ನಿಸ್ತಿದೆ?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯೇ ಕಲಿಯಲು ಕಷ್ಟವಾದ ಭಾಗ.

ಸಿದ್ಧಾಂತಕ್ಕೂ ಮಿತಿಯುಂಟು. ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೊಂದರ ಪ್ರಕಾರ, ಯಾರು ಆತ್ಮಹತ್ಯೆಗೆ ಯತ್ನಿಸುತ್ತಾರೆ ಎಂದು ಮುಂಗಾಣುವ ನಮ್ಮ ಶಕ್ತಿ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ತುಸುವೇ ಮೇಲು. ಹಾಗಾಗಿ ಭವಿಷ್ಯ ಹೇಳುವುದನ್ನು ಬಿಟ್ಟು, ಈ ರಾತ್ರಿ ಹೇಗೆ ಕಳೆಯಬೇಕು ಎಂಬುದಕ್ಕೆ ಗಮನ ತಿರುಗಿದೆ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ‘ಸುರಕ್ಷತಾ ಯೋಜನೆ’ ಒಂದು ಹಾಳೆಯಷ್ಟೇ. ಸಂಕಟ ಏರುತ್ತಿರುವುದರ ಸುಳಿವೇನು, ಆಗ ತಾನೇ ಏನು ಮಾಡಿಕೊಳ್ಳಬಹುದು, ಯಾರ ಹತ್ತಿರ ಹೋಗಿ ಕೂರಬಹುದು, ಯಾರಿಗೆ ಬಾಯಿಬಿಟ್ಟು ಹೇಳಬಹುದು, ಯಾವ ವೈದ್ಯರಿಗೆ ಫೋನ್ ಮಾಡಬೇಕು, ಅಪಾಯದ ವಸ್ತುಗಳನ್ನು ಮನೆಯಲ್ಲಿ ಯಾರ ವಶಕ್ಕೆ ಕೊಡಬೇಕು — ಎಲ್ಲವನ್ನೂ ಆ ವ್ಯಕ್ತಿಯ ಮಾತಿನಲ್ಲೇ ಬರೆಸುತ್ತಾರೆ. ಹಾಳೆಯ ಜೊತೆಗೆ, ಮನೆಗೆ ಹೋದ ಮೇಲೆ ಫೋನ್ ಮಾಡಿ ವಿಚಾರಿಸುತ್ತಾರೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1,640 ಮಂದಿಯನ್ನು ಗಮನಿಸಿದ 2018ರ ಅಧ್ಯಯನದಲ್ಲಿ, ಇಷ್ಟರಿಂದಲೇ ಆರು ತಿಂಗಳಲ್ಲಿ ಆತ್ಮಹತ್ಯಾ ವರ್ತನೆ ಶೇ 45ರಷ್ಟು ಕಡಿಮೆ ಕಂಡುಬಂತು. ಒಮ್ಮೆ ಬದುಕಿ ಉಳಿದವರು ಹೇಗೂ ಮತ್ತೆ ಅದೇ ದಾರಿ ಹಿಡಿಯುತ್ತಾರೆ ಎನ್ನುವವರಿಗೆ ಇನ್ನೊಂದು ಅಂಕಿ: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1937ರಿಂದ 1971ರವರೆಗೆ ಕೊನೆಯ ಕ್ಷಣದಲ್ಲಿ ತಡೆದು ಉಳಿಸಿದ 515 ಮಂದಿಯಲ್ಲಿ ಸುಮಾರು ಶೇ 94ರಷ್ಟು ಜನ, ವರ್ಷಗಳ ನಂತರ ವಿಚಾರಿಸಿದಾಗ, ಬದುಕಿದ್ದರು ಇಲ್ಲವೇ ಸಹಜವಾಗಿ ತೀರಿಕೊಂಡಿದ್ದರು.

ಭಾರತದಲ್ಲಿ 2022ರಲ್ಲಿ 1,70,924 ಮಂದಿ ಹೀಗೆ ಜೀವ ಕಳೆದುಕೊಂಡರು ಎನ್ನುತ್ತದೆ ಸರ್ಕಾರದ ಅಪರಾಧ ದಾಖಲೆ. ಮೊದಲು ಬದುಕಿ ಉಳಿದವರ ಮೇಲೆ ಪೊಲೀಸ್ ಕೇಸು ಬೀಳುತ್ತಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ತೀವ್ರ ಒತ್ತಡಕ್ಕೆ ಸಿಕ್ಕವರೆಂದು ಪರಿಗಣಿಸಿ, ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹಾಕಿತು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮೊದಲು ಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಬಿದ್ದರೆ ಕರೆ ಮನೋವೈದ್ಯರಿಗೆ ಹೋಗುತ್ತದೆ. ದಿನವೆಲ್ಲ ಇಂಥ ಮಾತು ಕೇಳುವವರ ಮನಸ್ಸಿಗೂ ಆಯಾಸವಾಗುತ್ತದೆ. ಭಾರವಾದ ಕರೆಯ ನಂತರ ಹಿರಿಯರೊಬ್ಬರ ಬಳಿ ಕೂತು ಹೇಳಿಕೊಳ್ಳುವ ಏರ್ಪಾಡಿಲ್ಲದ ಸಹಾಯವಾಣಿ ಬಹುಕಾಲ ಬಾಳದು.

ನಿಮಗೋ ನಿಮ್ಮವರಿಗೋ ಇಂಥ ಹೊತ್ತು ಬಂದರೆ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ, ನೆರವು ಬರುವವರೆಗೆ ಅವರನ್ನು ಒಂಟಿಯಾಗಿ ಬಿಡಬೇಡಿ.