ಗಾಡಿ ಉಂಟು, ಮಾತು ತಲುಪಿಲ್ಲ: ರೋಗಿಗಳ ಪ್ರಯಾಣ ಸೇವೆಯಲ್ಲಿ ಗಮನಿಸಬೇಕಾದ ವಿಷಯಗಳು

ಕೆಲವು ವರ್ಷಗಳ ಹಿಂದಿನ ಮಾತು. ಶನಿವಾರ ಸಂಜೆ ಬಲಿಪೂಜೆಗೆ ಪೂಜಾವಸ್ತ್ರ ಧರಿಸುತ್ತಿದ್ದಾಗ ಫೋನ್ ಬಂತು. "ಫಾದರ್, ಸೋಮವಾರ ಡಯಾಲಿಸಿಸ್‌ಗೆ ಗಾಡಿ ಉಂಟಲ್ಲ? ಮಗನಿಗೆ ರಜೆ ಇಲ್ಲ." "ಆಯ್ತಮ್ಮ, ಉಂಟು" ಎಂದೆ. ಎಲ್ಲಿಯೂ ಬರೆದಿಡಲಿಲ್ಲ. ಮರುದಿನ ಚಾಲಕನಿಗೆ, ಸೋಮವಾರ ಬೆಳಿಗ್ಗೆ ಅವರನ್ನು ಆಸ್ಪತ್ರೆಗೆ ಮುಟ್ಟಿಸಲು ಹೇಳಿದೆ. ಅವನು ಸರಿಯಾದ ಸಮಯಕ್ಕೆ ಮುಟ್ಟಿಸಿ ಹಿಂದಿರುಗಿದ.

ಅವರನ್ನು ಮನೆಗೆ ಕರೆತರುವವರು ಯಾರು? ಚಾಲಕನೇ ಎಂದು ನಾನು ತಿಳಿದಿದ್ದೆ. ಮಗ ಬರುತ್ತಾನೆಂದು ಚಾಲಕ ತಿಳಿದಿದ್ದ. ಚರ್ಚಿನ ಗಾಡಿ ಉಂಟಲ್ಲ ಎಂದು ಮಗ ನಿಶ್ಚಿಂತೆಯಿಂದಿದ್ದ. ಮಧ್ಯಾಹ್ನ 12 ಗಂಟೆಗೆ ಚಿಕಿತ್ಸೆ ಮುಗಿಸಿದ ಆ ತಾಯಿ ಮೂರೂವರೆಯವರೆಗೆ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು. ಅಷ್ಟೂ ಹೊತ್ತು ನಮ್ಮ ಗಾಡಿ ಚರ್ಚಿನ ಅಂಗಳದಲ್ಲೇ ನಿಂತಿತ್ತು. ಕ್ಷಮೆ ಕೇಳಲು ಹೋದಾಗ ಅವರು ಹೇಳಿದ್ದು, "ಪರವಾಗಿಲ್ಲ ಫಾದರ್, ನಿಮಗೂ ಕೆಲಸ ಉಂಟಲ್ಲ." ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಅಂದು ಗಾಡಿಯ ಕೊರತೆ ಇರಲಿಲ್ಲ, ಚಾಲಕನ ಕೊರತೆಯೂ ಇರಲಿಲ್ಲ. ಮಾತು ಒಬ್ಬರಿಂದ ಒಬ್ಬರಿಗೆ ಪೂರ್ತಿಯಾಗಿ ತಲುಪಿರಲಿಲ್ಲ. ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ಸೇವೆ ನಡೆಸುವವರೆಲ್ಲರೂ ಯೋಚಿಸಬೇಕಾದ ವಿಷಯ ಇದು.

ಈ ಸೇವೆ ಏಕೆ ಬೇಕು?

ತುರ್ತು ಸಂದರ್ಭಗಳಿಗಾಗಿ ನಮ್ಮ ರಾಜ್ಯದಲ್ಲಿ 2008ರಿಂದ 108 ಆಂಬುಲೆನ್ಸ್ ಸೇವೆ ಇದೆ. ಆದರೆ ಡಯಾಲಿಸಿಸ್, ವಿಕಿರಣ ಚಿಕಿತ್ಸೆ, ಫಿಸಿಯೋಥೆರಪಿ, ಕಣ್ಣಿನ ತಪಾಸಣೆ ಮುಂತಾದ ದಿನ ಗೊತ್ತಾದ ಪ್ರಯಾಣಗಳಿಗೆ ಅದು ಮೀಸಲಲ್ಲ. ಮಂಗಳೂರು, ಮಣಿಪಾಲಗಳಲ್ಲಿ ದೊಡ್ಡ ಆಸ್ಪತ್ರೆಗಳಿದ್ದರೂ ಒಳನಾಡಿನ ವಾರ್ಡಿನಿಂದ ಅಲ್ಲಿಗೆ ತಲುಪಲು ಎರಡು ಬಸ್ಸು ಬದಲಿಸಬೇಕಾದ ಕುಟುಂಬಗಳಿವೆ. ಮಕ್ಕಳು ಗಲ್ಫ್‌ನಲ್ಲೋ ಮುಂಬಯಿಯಲ್ಲೋ ಇದ್ದು, ವೃದ್ಧ ತಂದೆತಾಯಿ ಮಾತ್ರ ಇರುವ ಮನೆಗಳು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇವೆ. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು, ಯುವಜನರು, ರಿಕ್ಷಾ ಚಾಲಕರು ಸದ್ದಿಲ್ಲದೆ ಇವರಿಗೆ ನೆರವಾಗುತ್ತಿದ್ದಾರೆ.

"ತುರ್ತು ಅಲ್ಲವಲ್ಲ, ಸ್ವಲ್ಪ ತಡವಾದರೇನು?" ಎನ್ನಬಾರದು. ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ ನಡೆಯುತ್ತದೆ. ಒಬ್ಬರ ನಂತರ ಇನ್ನೊಬ್ಬರಿಗೆ ಅದೇ ಯಂತ್ರ ಬೇಕು. ತಡವಾಗಿ ಹೋದವರ ಚಿಕಿತ್ಸೆಯ ಅವಧಿ ಮೊಟಕಾಗಬಹುದು. ಒಂದು ಸರದಿ ತಪ್ಪಿದರೆ ದೇಹದಲ್ಲಿ ನೀರು ಮತ್ತು ಪೊಟ್ಯಾಸಿಯಂ ಹೆಚ್ಚಿ ಉಸಿರಾಟಕ್ಕೂ ಹೃದಯಕ್ಕೂ ಅಪಾಯವಾಗಬಹುದು. ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಗೆ ಹೊರಟ ಸಕ್ಕರೆ ಕಾಯಿಲೆಯವರು ಗಾಡಿಗಾಗಿ ಕಾದು ತಲೆಸುತ್ತಿ ಬೀಳಬಹುದು.

ಕರೆಗೆ ಒಬ್ಬರು, ಬರೆಯಲು ಒಂದು ಪುಸ್ತಕ

ಕೆಲವರು ಫಾದರ್‌ಗೆ ಹೇಳುತ್ತಾರೆ, ಕೆಲವರು ಗುರಿಕಾರರಿಗೆ, ಇನ್ನು ಕೆಲವರು ನೇರ ಚಾಲಕನಿಗೆ. ಹೀಗಾದಾಗ ಒಂದೇ ಹೊತ್ತಿಗೆ ಇಬ್ಬರಿಗೆ ಗಾಡಿಯ ಭರವಸೆ ಹೋಗುತ್ತದೆ. ಆದುದರಿಂದ ಒಂದೇ ಫೋನ್ ನಂಬರ್, ಅದಕ್ಕೆ ಹೊಣೆಯಾದ ಒಬ್ಬ ವ್ಯಕ್ತಿ, ಅವರಿಲ್ಲದಾಗ ಇನ್ನೊಬ್ಬರು ಎಂದು ನಿಶ್ಚಯಿಸುವುದು ಮೊದಲ ಕೆಲಸ. ಧರ್ಮಗುರುಗಳಿಗೆ ಕರೆ ಬಂದರೂ ಅವರು ಒಪ್ಪಿಗೆ ಕೊಡದೆ ಆ ನಂಬರಿಗೆ ತಿಳಿಸಲಿ. ಈ ಮಾತನ್ನು ಮೊದಲು ನನಗೇ ಹೇಳಿಕೊಳ್ಳುತ್ತೇನೆ.

ಪ್ರತಿ ಕರೆಗೂ ಪುಸ್ತಕದಲ್ಲಿ ಬರೆಯಬೇಕಾದವು:

1. ರೋಗಿಯ ಪೂರ್ಣ ಹೆಸರು, ಮನೆಯ ಹೆಸರು, ವಾರ್ಡ್. "ಡಿಸೋಜರ ಮನೆ" ಎಂದರೆ ನಮ್ಮ ಕಡೆ ಸಾಲದು.
2. ವಾರ ಮತ್ತು ತಾರೀಕು ಎರಡೂ. ಆಸ್ಪತ್ರೆಯಲ್ಲಿ ಇರಬೇಕಾದ ಸಮಯ, ಮನೆಯಿಂದ ಹೊರಡಬೇಕಾದ ಸಮಯ.
3. ಯಾವ ಆಸ್ಪತ್ರೆ, ಯಾವ ವಿಭಾಗ, ಯಾವ ಬಾಗಿಲು.
4. ನಡೆಯಬಲ್ಲರೇ, ವೀಲ್‌ಚೇರ್ ಬೇಕೇ, ಎತ್ತಬೇಕೇ? ಗಾಡಿ ಅಂಗಳದವರೆಗೆ ಹೋಗುತ್ತದೆಯೇ? ಮಳೆಗಾಲದಲ್ಲಿ ಕಾಲುಸಂಕ ದಾಟಿ ಬರಬೇಕಾದ ಮನೆಯಾದರೆ ಕುರ್ಚಿಯಲ್ಲಿ ಹೊತ್ತು ತರಲು ಎಷ್ಟು ಜನ ಬೇಕು?
5. ಜೊತೆಗೆ ಯಾರು ಬರುತ್ತಾರೆ, ಅವರ ಫೋನ್ ನಂಬರ್.
6. ಹಿಂದೆ ಕರೆತರುವವರು ಯಾರು, ಎಷ್ಟು ಗಂಟೆಗೆ?

ಆರನೆಯದು ತುಂಬದಿದ್ದರೆ ಗಾಡಿ ನಿಶ್ಚಯವಾಗಿಲ್ಲ ಎಂದೇ ಲೆಕ್ಕ.

ಕೇಳಿದ್ದನ್ನು ತಿರುಗಿ ಹೇಳುವುದು

1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರೀಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಜನ ಸತ್ತರು. ದಟ್ಟ ಮಂಜಿನ ಜೊತೆಗೆ, ರೇಡಿಯೋದಲ್ಲಿ ಆಡಿದ ಮಾತನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದೂ ಇದಕ್ಕೆ ಕಾರಣವಾಗಿತ್ತು. ಆ ಬಳಿಕ ವಿಮಾನಯಾನದಲ್ಲಿ ಬರೇ "ಓಕೆ" ಎನ್ನದೆ, ಕೇಳಿದ ಸೂಚನೆಯ ಮುಖ್ಯ ಭಾಗವನ್ನು ತಿರುಗಿ ಹೇಳುವ ಕ್ರಮಕ್ಕೆ ಹೆಚ್ಚಿನ ಒತ್ತು ಬಂತು. ರೋಗಿಯ ಹೊಣೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವಹಿಸುವಾಗ ಇದನ್ನೇ ಪಾಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2007ರಲ್ಲಿ ಸಲಹೆ ನೀಡಿತು.

ನಮಗಿದು ಇನ್ನೂ ಅಗತ್ಯ. ಕರೆ ಮಾಡುವವರು ಕೊಂಕಣಿಯಲ್ಲಿ ಹೇಳುತ್ತಾರೆ, ನಾವು ಕನ್ನಡದಲ್ಲಿ ಬರೆಯುತ್ತೇವೆ, ಚಾಲಕನಿಗೆ ತುಳುವಿನಲ್ಲಿ ತಿಳಿಸುತ್ತೇವೆ. ಗಾಳಿಮಳೆಗೆ ಫೋನ್ ಕಡಿಯುವಾಗ "ಎಲ್ಲೆ" ಎಂದದ್ದೋ "ಎಲ್ಲಂಜಿ" ಎಂದದ್ದೋ ತಿಳಿಯುವುದಿಲ್ಲ. ಒಂದು ನಾಳೆ, ಇನ್ನೊಂದು ನಾಡಿದ್ದು. ಆದುದರಿಂದ ಕರೆ ಸ್ವೀಕರಿಸಿದವರು "ಬುಧವಾರ, 14ನೇ ತಾರೀಕು, ಬೆಳಿಗ್ಗೆ ಆರೂವರೆಗೆ ನಿಮ್ಮ ಮನೆಯಿಂದ, ಸರಿಯಲ್ಲ?" ಎಂದು ಪೂರ್ತಿ ಹೇಳಬೇಕು. ಚಾಲಕನೂ ಹಾಗೆಯೇ ತಿರುಗಿ ಹೇಳಬೇಕು. ಅರ್ಧ ನಿಮಿಷದ ಕೆಲಸ.

ಹಿಂದಿನ ದಿನ ಸಂಜೆ ಮನೆಯವರಿಗೂ ಚಾಲಕನಿಗೂ ಇನ್ನೊಮ್ಮೆ ಫೋನ್ ಮಾಡಬೇಕು. ಆಸ್ಪತ್ರೆಯವರು ದಿನ ಬದಲಿಸಿರಬಹುದು, ರೋಗಿ ದಾಖಲಾಗಿರಬಹುದು. ಹೊರಟ ಚಾಲಕ ದಾರಿಯಲ್ಲಿ ತಡವಾದರೆ ಗಾಡಿ ನಿಲ್ಲಿಸಿ ತಿಳಿಸಲಿ. ಬರುತ್ತದೆಂದು ಗೊತ್ತಿದ್ದರೆ ಕಾಯುವುದು ಕಷ್ಟವಲ್ಲ, ಬರುತ್ತದೋ ಇಲ್ಲವೋ ತಿಳಿಯದೆ ಕಾಯುವುದು ಕಷ್ಟ.

ಚಾಲಕನಿಗೆ ಎಷ್ಟು ತಿಳಿದಿರಬೇಕು?

ರೋಗಿಯ ಸುರಕ್ಷತೆಗೆ ಬೇಕಾದಷ್ಟು. ಡಯಾಲಿಸಿಸ್‌ಗಾಗಿ ಕೈಯಲ್ಲಿ ಫಿಸ್ಟುಲಾ ಮಾಡಿಸಿಕೊಂಡವರ ಆ ಕೈಯನ್ನು ಹಿಡಿದೆಳೆಯಬಾರದು, ಒತ್ತಬಾರದು. ಚಿಕಿತ್ಸೆಯ ನಂತರ ರಕ್ತದೊತ್ತಡ ಇಳಿದು ತಲೆಸುತ್ತು ಬರಬಹುದಾದ್ದರಿಂದ ಮನೆಯೊಳಗೆ ಮುಟ್ಟಿಸಿಯೇ ಹೊರಡಬೇಕು. ಕಿಮೋಥೆರಪಿ ಪಡೆಯುವವರನ್ನು ಶೀತ, ಕೆಮ್ಮು ಇರುವವರೊಂದಿಗೆ ಒಂದೇ ಗಾಡಿಯಲ್ಲಿ ಕೂರಿಸಬಾರದು.

ಆದರೆ ರೋಗದ ಹೆಸರು, ವರದಿಯ ಫೋಟೋ ಇತ್ಯಾದಿಗಳನ್ನು ವಾರ್ಡಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಸರ್ವಥಾ ಸಲ್ಲದು. ಪ್ರಾರ್ಥನೆಗಾಗಿ ಎಂದು ಹೇಳಿದರೂ ರೋಗಿಯ ಅನುಮತಿ ಬೇಕು.

ನಮ್ಮ ಮಿತಿಯೂ ನಮಗೆ ತಿಳಿದಿರಲಿ. ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ನಿಲ್ಲದ ರಕ್ತಸ್ರಾವ, ಮುಖ ಸೊಟ್ಟಗಾಗಿ ಮಾತು ತೊದಲುವುದು, ಇವುಗಳಲ್ಲಿ ಯಾವುದೇ ಕಂಡರೂ ಚರ್ಚಿನ ಗಾಡಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಕರೆ ಸ್ವೀಕರಿಸುವವರ ಪುಸ್ತಕದ ಮೊದಲ ಪುಟದಲ್ಲೇ ಇದನ್ನು ಬರೆದಿಡುವುದು ಒಳ್ಳೆಯದು.

ಸಮಾರಿಯದವನು ಮಾಡಿದ್ದು

ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿ ನಮಗೆಲ್ಲ ಗೊತ್ತು. ಸಮಾರಿಯದವನು ಗಾಯಾಳುವಿನ ಗಾಯ ಕಟ್ಟಿ ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದದ್ದನ್ನು ನಾವು ಪ್ರಬೋಧನೆಗಳಲ್ಲಿ ಕೊಂಡಾಡುತ್ತೇವೆ. ಆದರೆ ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಮರುದಿನ ಛತ್ರದವನನ್ನು ಕಂಡು, ಎರಡು ಬೆಳ್ಳಿ ನಾಣ್ಯ ಕೊಟ್ಟು, ಏನು ಮಾಡಬೇಕೆಂದು ತಿಳಿಸಿ, ಹೆಚ್ಚಿನ ಖರ್ಚಿನ ಹೊಣೆ ಯಾರದೆಂದು ಹೇಳಿ, ತಾನು ಹಿಂದೆ ಬರುವುದನ್ನೂ ತಿಳಿಸಿ ಹೊರಟ. ಗಾಯಾಳುವಿನ ವಿಷಯದಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

1993ರಿಂದ ಪ್ರತಿ ವರ್ಷ ಫೆಬ್ರವರಿ 11ರಂದು ಧರ್ಮಸಭೆ ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತಿದೆ. ಮುಂದಿನ ಆಚರಣೆಗೆ ಮೊದಲೇ ಪ್ರತಿ ಧರ್ಮಕೇಂದ್ರದ ಪಾಲನಾ ಮಂಡಳಿ ಒಂದು ಸಂಜೆ ಕುಳಿತು, ಒಂದು ನಂಬರ್, ಒಂದು ಪುಸ್ತಕ, ಇಬ್ಬರು ಹೊಣೆಗಾರರನ್ನು ನಿಶ್ಚಯಿಸಲಿ. ನೂರು ರೂಪಾಯಿಯ ಒಂದು ಪುಸ್ತಕ ಸಾಕು. ಇನ್ನು ಮುಂದೆ ನಮ್ಮ ಯಾವ ತಾಯಿಯೂ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಗೇಟಿನತ್ತ ನೋಡುತ್ತಾ ಕಾಯುವಂತಾಗದಿರಲಿ.