ಪಾಕದ ಹದವೂ ಯಂತ್ರದ ಬುದ್ಧಿಯೂ

ಸಾವಿರ ಲೀಟರಿಗೂ ಮಿಕ್ಕ ಹುಳಿಯು ಒಂದೇ ಪಾತ್ರೆಯಲ್ಲಿ ಕುದಿಯತಕ್ಕ ಪಾಕಶಾಲೆಗಳು ನಮ್ಮ ನಾಡಿಗೆ ಈಗ ಹೊಸವಲ್ಲ. 2000ನೆಯ ಇಸವಿಯಲ್ಲಿ ಬೆಂಗಳೂರಿನ ಐದು ಸರಕಾರಿ ಶಾಲೆಗಳ 1500 ಮಕ್ಕಳಿಗೆ ಊಟ ಕಳುಹಿಸಲು ತೊಡಗಿದ ಅಕ್ಷಯ ಪಾತ್ರ ಸಂಸ್ಥೆಯು ಅಂದಿನಿಂದ ಬಡಿಸಿದ ಊಟಗಳ ಲೆಕ್ಕವು 2024ರಲ್ಲಿ 400 ಕೋಟಿಯನ್ನು ಮುಟ್ಟಿತು. ಸೌದೆಯ ಒಲೆಯನ್ನೂ ಸೌಟು ಹಿಡಿದ ಕೈಯನ್ನೂ ಮಾತ್ರ ನಂಬಿ ಇಂತಹ ಕಾರ್ಯವು ನಡೆಯಲಾರದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಬೇಯಿಸುವುದು ಬಾಯ್ಲರಿನ ಹಬೆ. ಈಗ ಅದಕ್ಕೂ ಮುಂದಿನ ಪಾತ್ರೆ ಬಂದಿದೆ. ಒಳಗಿನ ಕಾವನ್ನೂ ತೂಕವನ್ನೂ ತಾನೇ ಅಳೆದು, ಕಂಪ್ಯೂಟರಿಗೆ ತಿಳಿಸಿ, ಹಬೆಯನ್ನು ಎಷ್ಟು ಬಿಡಬೇಕು, ಎಷ್ಟು ಹೊತ್ತು ತಿರುವಬೇಕು ಎಂಬುದನ್ನು ತಾನೇ ನಿಶ್ಚಯಿಸತಕ್ಕ ಪಾತ್ರೆಯದು. ಮಾರುವವರು ಅದನ್ನು ಬುದ್ಧಿಯುಳ್ಳ ಯಂತ್ರವೆಂದು ಹೊಗಳುತ್ತಾರೆ. ಹಾಗಾದರೆ ಆ ಬುದ್ಧಿಯು ಯಾರಿಂದ ಬಂದಿತು, ಮುಂದೆ ಅದು ಯಾರ ವಶದಲ್ಲಿರತಕ್ಕದ್ದು ಎಂಬ ಪ್ರಶ್ನೆಯನ್ನು ಆಹಾರೋದ್ಯಮದ ಹಿತವನ್ನು ಬಯಸುವವರೆಲ್ಲರೂ ಈಗಲೇ ವಿಚಾರಿಸುವುದು ಒಳ್ಳೆಯದು.

ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಅಲ್ಲಿನ ಅಡುಗೆಯ ಭಟ್ಟರು ಅನ್ನದ ತಪ್ಪಲೆಯ ಮುಚ್ಚಳವನ್ನು ತೆಗೆಯುತ್ತಲೇ ಇರಲಿಲ್ಲ. ದೂರದಲ್ಲಿ ಕುಳಿತು ತರಕಾರಿ ಹೆಚ್ಚುತ್ತ, ಕುದಿಯ ಸದ್ದು ಬದಲಾದೊಡನೆ ಎದ್ದು ಬಂದು ಉರಿಯನ್ನು ತಗ್ಗಿಸುತ್ತಿದ್ದರು. ಕೇಳಿದರೆ, "ಅದೇ ಹೇಳುತ್ತದಲ್ಲಪ್ಪ" ಎನ್ನುವರು. ಹದವೆಂದು ನಾವು ಕರೆಯುವುದು ಇದನ್ನೇ. ಇದರಲ್ಲಿ ಅಳೆಯಬಹುದಾದ ಅಂಶವೇ ಬಹಳವಿದೆಯೆಂಬುದನ್ನು ಒಪ್ಪದೆ ಗತ್ಯಂತರವಿಲ್ಲ. ಮೈಸೂರುಪಾಕು ಮಾಡುವವನು ಸಕ್ಕರೆಯ ಪಾಕವನ್ನು ಎರಡು ಬೆರಳುಗಳ ನಡುವೆ ಹಿಡಿದು ಎಳೆ ಬಂದಿತೇ ಎಂದು ನೋಡುತ್ತಾನೆ. ನೀರು ಆವಿಯಾಗಿ ಹೋದಂತೆಲ್ಲ ಪಾಕವು ಕುದಿಯುವ ಕಾವು ಏರುವುದರಿಂದ, ಬೆರಳು ಎಳೆಯಲ್ಲಿ ಕಂಡುದನ್ನೇ ಥರ್ಮಾಮೀಟರು ಅಂಕಿಯಲ್ಲಿ ತೋರಿಸುತ್ತದೆ. ಕೈ ಸುಟ್ಟುಕೊಳ್ಳದೆ ಇದು ತಿಳಿಯುವುದಾದರೆ ಬೇಡವೆನ್ನುವುದೇಕೆ?

ಅಷ್ಟೇ ಅಲ್ಲ, ಮನುಷ್ಯನ ನಾಲಗೆಯೂ ಮೂಗೂ ಸರ್ವಥಾ ನೆರವಾಗದ ಸ್ಥಳಗಳಲ್ಲಿ ಯಂತ್ರವೇ ನಮ್ಮ ಪ್ರಾಣರಕ್ಷಕ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸೈನಿಕರಿಗಾಗಿ ರೂಢಿಸಿದ, ಬಳಿಕ ಎಂ.ಟಿ.ಆರ್. ಮೊದಲಾದವರು ಅಂಗಡಿಗೆ ತಂದ ಸಿದ್ಧ ಅಡುಗೆಯ ಪೊಟ್ಟಣಗಳನ್ನು ನೋಡಿರಿ. ಬಿಸಿಬೇಳೆಭಾತನ್ನು ಪೊಟ್ಟಣದಲ್ಲಿ ತುಂಬಿ, ಮೊಹರು ಹಾಕಿ, ರಿಟಾರ್ಟ್ ಎಂಬ ಒತ್ತಡದ ಹಂಡೆಯಲ್ಲಿಟ್ಟು ಕಾಯಿಸುತ್ತಾರೆ. ಬಾಟ್ಯುಲಿನಮ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ನೀರು ಕುದಿಯುವ ಕಾವಿಗೆ ಸಾಯುವುದಿಲ್ಲ. ಅವು ಮೊಳೆತು ವಿಷವನ್ನು ಮಾಡಿದರೂ ಆಹಾರದ ಬಣ್ಣವಾಗಲಿ ವಾಸನೆಯಾಗಲಿ ಕೆಡದೆ ಇರಬಹುದು. ಆದುದರಿಂದ ಹುಳಿಯ ಅಂಶ ಕಡಮೆಯಿರುವ ಪದಾರ್ಥಗಳಲ್ಲಿ, ಪೊಟ್ಟಣದೊಳಗೆ ಎಲ್ಲಕ್ಕಿಂತ ತಡವಾಗಿ ಕಾಯುವ ಭಾಗಕ್ಕೂ 121 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು ಮೂರು ನಿಮಿಷ ಇಟ್ಟುದಕ್ಕೆ ಸಮನಾದ ಶಾಖವಾದರೂ ತಗಲಿರಬೇಕು. ಎಂತಹ ನಳಮಹಾರಾಜನೇ ಬಂದರೂ ಇದನ್ನು ರುಚಿ ನೋಡಿ ಹೇಳಲಾರನು. ಕ್ಷಣಕ್ಷಣಕ್ಕೂ ಕಾವನ್ನೂ ಒತ್ತಡವನ್ನೂ ಬರೆದಿಡುವ ಯಂತ್ರವೇ ಹೇಳಬೇಕು.

ಪರಂತು ಇಡ್ಲಿಯ ಹಿಟ್ಟಿನ ವಿಷಯವು ಬೇರೆ. ಹಿಟ್ಟು ರುಬ್ಬಿ ಪೊಟ್ಟಣದಲ್ಲಿ ಮಾರುವುದು ಬೆಂಗಳೂರಿನಲ್ಲಿ ಇಂದು ದೊಡ್ಡ ಉದ್ಯಮವೇ ಆಗಿದೆ. ಆ ಹಿಟ್ಟನ್ನು ಉಬ್ಬಿಸುವುದು ಉದ್ದಿನ ಜೊತೆಯಲ್ಲಿಯೇ ಬರುವ ಜೀವಾಣುಗಳು. ಪುಷ್ಯಮಾಸದ ಮಡಿಕೇರಿಯಲ್ಲಿ ಅವು ತೆಗೆದುಕೊಳ್ಳುವ ಹೊತ್ತು ಬೇರೆ, ವೈಶಾಖದ ರಾಯಚೂರಿನಲ್ಲಿ ಬೇರೆ. ಕೋಣೆಯ ಕಾವನ್ನು ಒಂದೇ ಸಮನಾಗಿ ಇಟ್ಟು, ಹಿಟ್ಟಿನ ಆಮ್ಲತೆಯನ್ನು ಅಳೆದು ಯಂತ್ರವು ಇದನ್ನು ಬಹುಮಟ್ಟಿಗೆ ನಿಭಾಯಿಸೀತು. ಆದರೆ ಈ ಸಲದ ಉದ್ದು ಹಳೆಯದೇ, ಅಕ್ಕಿಯು ಹೊಸದೇ, ಹುಣಸೆಯು ಕಳೆದ ವರ್ಷದ್ದಕ್ಕಿಂತ ಹುಳಿಯೇ? ಹಳೆಯ ಅಕ್ಕಿಯು ಹೆಚ್ಚು ನೀರನ್ನು ಕುಡಿಯುತ್ತದೆಂಬುದು ನಮ್ಮ ಮನೆಗಳ ಹೆಂಗಸರಿಗೆಲ್ಲ ಗೊತ್ತು. ಯಂತ್ರಕ್ಕೆ ಗೊತ್ತಾಗಬೇಕಾದರೆ ಯಾರಾದರೂ ತಿಳಿಸಬೇಕು, ಇಲ್ಲವೇ ಸಾವಿರ ಸಲದ ಅನುಭವವನ್ನು ಅಂಕಿಯಾಗಿ ಮಾಡಿ ಅದಕ್ಕೆ ಉಣಿಸಬೇಕು. ಕೃತಕ ಬುದ್ಧಿಯೆಂದು ಇಂದು ಪ್ರಸಿದ್ಧವಾಗಿರುವುದು ಪಾಕಶಾಲೆಯ ಮಟ್ಟಿಗೆ ಇಷ್ಟೇ. ಅಡುಗೆಯವರು ಯಾವಾಗ ನೀರು ಹೊಯ್ದರು, ಯಾವಾಗ ಉರಿ ತಗ್ಗಿಸಿದರು ಎಂಬುದನ್ನು ಬರೆದುಕೊಂಡು, ಅದರಂತೆ ಮುಂದೆ ತಾನು ನಡೆಯುವುದು.

ತಪ್ಪಿನ ಮಾತನ್ನೂ ಹೇಳಬೇಕು. ಮನುಷ್ಯನು ತಪ್ಪಿದರೆ ಒಂದು ಹೊತ್ತಿನ ಅಡುಗೆ ಕೆಟ್ಟೀತು, ಮರುದಿನ ಸರಿಯಾದೀತು. ಎರಡು ಡಿಗ್ರಿ ಹೆಚ್ಚು ತೋರಿಸುವ ಥರ್ಮಾಮೀಟರು ನಾಚಿಕೆಯಿಲ್ಲದೆ ದಿನವೂ ಅಷ್ಟೇ ಹೆಚ್ಚು ತೋರಿಸುತ್ತ, ಸಾವಿರಾರು ಪೊಟ್ಟಣಗಳನ್ನು ಅರೆಬೆಂದಂತೆಯೇ ಕಳುಹಿಸುತ್ತದೆ. ಯಂತ್ರವನ್ನು ಕೊಳ್ಳುವಾಗ ಇರುವ ಉತ್ಸಾಹವು ಅದರ ಮಾಪಕಗಳನ್ನು ಕಾಲಕಾಲಕ್ಕೆ ಪರೀಕ್ಷಿಸುವಾಗ ಇರುವುದು ಅಪರೂಪ.

ಇನ್ನು ಒಡೆತನದ ವಿಚಾರ. ನಮ್ಮ ಪರಿಚಯದ ಉಪ್ಪಿನಕಾಯಿ ತಯಾರಕರೊಬ್ಬರು ಸಾಲ ಮಾಡಿ ಹೊರದೇಶದ ಬೇಯಿಸುವ ಯಂತ್ರವೊಂದನ್ನು ತರಿಸಿದರು. ಯಂತ್ರವು ಒಳ್ಳೆಯದೇ. ಒಂದು ದಿನ ಅದು ನಿಂತಿತು. ಕೆಟ್ಟದ್ದು ಅಲ್ಪವೇ ಆಗಿದ್ದರೂ, ಅದರ ಕಂಪ್ಯೂಟರಿನ ಗುಪ್ತಸಂಕೇತವು ಮಾರಿದವರ ಬಳಿ ಮಾತ್ರ ಇದ್ದುದರಿಂದ ಊರಿನ ಎಂಜಿನಿಯರು ಮುಟ್ಟುವಂತಿರಲಿಲ್ಲ. ಹನ್ನೊಂದು ದಿನ ಮಾವಿನಕಾಯಿಯು ಅಂಗಳದಲ್ಲಿ ಹಣ್ಣಾಯಿತು. ಹಣ ತಮ್ಮದು, ಕಾಯಿ ತಮ್ಮದು, ಮೂರು ತಲೆಮಾರಿನ ಪಾಕ ತಮ್ಮದು. ಬೀಗದ ಕೈ ಮಾತ್ರ ಪರರದು! ಜರ್ಮನಿಯ ರ‍್ಯಾಷನಲ್ ಕಂಪೆನಿಯು ಹಬೆಯನ್ನೂ ಬಿಸಿಗಾಳಿಯನ್ನೂ ಕೂಡಿಸಿದ ಒಲೆಯನ್ನು 1976ರಲ್ಲಿ ಹೊರತಂದು ಲೋಕಪ್ರಸಿದ್ಧವಾಯಿತು. ಇಂದು ಅದರ ಒಲೆಗಳನ್ನು ಅಂತರಜಾಲಕ್ಕೆ ಜೋಡಿಸಿ ಪಾಕವಿಧಾನಗಳನ್ನು ಅತ್ತಿತ್ತ ಕಳುಹಿಸಬಹುದು. ಆ ಜನರ ಉದ್ಯಮಶೀಲತೆಯನ್ನು ನಾವು ಹಳಿಯುವವರಲ್ಲ, ಅನುಕರಣೀಯವೆಂದೇ ಹೇಳುತ್ತೇವೆ. ನಮ್ಮಲ್ಲಿಯೂ ಶಕ್ತಿಯಿಲ್ಲದಿಲ್ಲ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ದೋಸೆ, ಇಡ್ಲಿ, ವಡೆ, ಚಪಾತಿಗಳ ಯಂತ್ರಗಳನ್ನು ರೂಪಿಸಿದೆ. ಬೆಂಗಳೂರಿನ ತರುಣರು ದೋಸೆಯನ್ನು ತಾನೇ ಹೊಯ್ದು ಸುರುಳಿ ಮಾಡುವ ಯಂತ್ರವನ್ನು ಕಟ್ಟಿ ಮಾರಿದ್ದಾರೆ.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮದೊಂದು ಸ್ಪಷ್ಟವಾದ ಬಿನ್ನಹ. ಕೇಂದ್ರ ಸರಕಾರವು 2020ರಲ್ಲಿ ಆರಂಭಿಸಿದ ಕಿರು ಆಹಾರೋದ್ಯಮಗಳ ಯೋಜನೆಯಲ್ಲಿ ವೆಚ್ಚದ ಶೇಕಡಾ 35ರಷ್ಟನ್ನು, 10 ಲಕ್ಷ ರೂಪಾಯಿಗಳ ಮಿತಿಯೊಳಗೆ, ಸಹಾಯಧನವಾಗಿ ಗೊತ್ತುಮಾಡಿತು. ಇಂತಹ ಸಾರ್ವಜನಿಕ ಹಣದಿಂದ ಕೊಳ್ಳುವ ಯಂತ್ರದ ಲೆಕ್ಕಪತ್ರಗಳೂ ಪಾಕದ ಅಂಕಿಗಳೂ ಕೊಂಡವನ ಸೊತ್ತಾಗಿರಬೇಕು, ದುರಸ್ತಿಯ ಸಂಕೇತವನ್ನು ಅವನಿಗೆ ಒಪ್ಪಿಸಿರಬೇಕು ಎಂಬ ಎರಡು ಸಾಲುಗಳನ್ನು ಕರಾರಿನಲ್ಲಿ ಸೇರಿಸುವುದಕ್ಕೆ ಯಾವ ಅಡ್ಡಿಯೂ ನಮಗೆ ಕಾಣದು.

ಅಡುಗೆಯವರ ಗತಿಯೇನು ಎಂದು ಕೇಳುವವರಿದ್ದಾರೆ, ಕೇಳತಕ್ಕದ್ದೇ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದಲ್ಲಿ ಶಾಲೆಶಾಲೆಗಳಲ್ಲಿ ಬೇಯಿಸುವವರು ಬಹುಪಾಲು ಹೆಂಗಸರು. ಅವರಿಗೆ ಸಲ್ಲುವುದಕ್ಕೆ ವೇತನವೆಂಬ ಹೆಸರೂ ಇಲ್ಲ, ಅದು ಗೌರವಧನ. ಅನ್ನದ ಭಾರವನ್ನು ಎತ್ತಿ ಬಾಗಿಸುವುದನ್ನೂ, ಗಂಜಿಯನ್ನು ಬಸಿಯುವಾಗ ಕೈ ಸುಡುವುದನ್ನೂ, ಹೊಗೆಯನ್ನೂ ಯಂತ್ರವು ಇವರಿಂದ ತೆಗೆದುಕೊಳ್ಳಲಿ, ಸಂತೋಷ. ಆದರೆ ಯಂತ್ರಕ್ಕೆ ಹದವನ್ನು ಕಲಿಸುವ ದಿನ ಇವರನ್ನು ಕರೆದು ನಿಲ್ಲಿಸಿಕೊಂಡು, ಕಲಿತಾದ ಮರುದಿನ ಮನೆಗೆ ಕಳುಹಿಸುವುದು ಯಾವ ನ್ಯಾಯ? ಪಾಠ ಹೇಳಿದವರಿಗೆ ಉಪಾಧ್ಯಾಯರ ಸಂಬಳವನ್ನು ಕೊಟ್ಟು, ಮಾಪಕ ನೋಡುವುದನ್ನು ಕಲಿಸಿ, ಅದೇ ಪಾಕಶಾಲೆಯಲ್ಲಿ ಉಳಿಸಿಕೊಳ್ಳಬೇಕು.

ಇಂತಹ ಯಂತ್ರವೊಂದು ದಿನದ ಕೊನೆಗೆ ಮುದ್ರಿಸಿಕೊಡುವ ಹಾಳೆಯನ್ನು ನಾವು ನೋಡಿದೆವು. ತಾರೀಖು, ಹೊತ್ತು, ಪಾತ್ರೆಯ ಸಂಖ್ಯೆ, ಕಾವು, ಒತ್ತಡ ಎಲ್ಲವೂ ಅಚ್ಚುಕಟ್ಟಾಗಿದ್ದವು. ಅಡುಗೆ ಮಾಡಿದವರ ಹೆಸರಿಗೆ ಅಂಕಣವಿರಲಿಲ್ಲ.